ವಾರಾಂತ್ಯದ ಗಾಳಕ್ಕೆ ಕೆರೆಯೋ, ಕಾವೇರಿಯೋ, ಹಿನ್ನೀರೋ, ಅಳಿವೆಯೋ?

ಪ್ರತಿ ವರ್ಷ ಮಳೆ ಹಿಂದೆ ಸರಿದು ಕೆರೆಕಟ್ಟೆಗಳು ತುಂಬಿ ನಿಂತ ಮೇಲೆ, ಎಂದರೆ ಅಕ್ಟೋಬರ್ ಕೊನೆಯ ಹೊತ್ತಿಗೆ, ನಮ್ಮ ಗೆಳೆಯರ ಗುಂಪಿನಲ್ಲಿ ಅದೇ ಚರ್ಚೆ ಮೊದಲಾಗುತ್ತದೆ. ಶನಿವಾರ ಹೊರಟು ಭಾನುವಾರ ರಾತ್ರಿ ಬೆಂಗಳೂರಿಗೆ ಮರಳುವಂತೆ ಎಲ್ಲಿ ಗುಡಾರ ಹಾಕುವುದು, ಎಲ್ಲಿ ಗಾಳ ಇಳಿಬಿಡುವುದು? ಒಬ್ಬನಿಗೆ ಮೀನು ಸಿಗಲೇಬೇಕು. ಇನ್ನೊಬ್ಬನಿಗೆ ನೀರಿನ ಸದ್ದು ಕೇಳುತ್ತ ಮಲಗಿದರೆ ಸಾಕು. ಮತ್ತೊಬ್ಬನಿಗೆ ಮೂರು ಕಲ್ಲು ಹೂಡಿ, ಹಿಡಿದದ್ದನ್ನು ಅಲ್ಲೇ ಹುರಿದು ತಿನ್ನದಿದ್ದರೆ ಬಂದದ್ದೇ ದಂಡ. ಈ ಮೂರೂ ಆಸೆಗಳು ಒಂದೇ ದಡದಲ್ಲಿ, ಯಾರ ತಕರಾರೂ ಇಲ್ಲದೆ ಈಡೇರುವ ಜಾಗ ನಮ್ಮ ರಾಜ್ಯದಲ್ಲಿ ಬಹಳ ಕಡಿಮೆ. ಕೆಲವು ಪ್ರವಾಸಗಳಲ್ಲಿ ಎಡವಿದ ಮೇಲೆ ನನಗೆ ಮನದಟ್ಟಾದದ್ದು ಇಷ್ಟು: ಅಲ್ಲಿ ಮೀನು ಎಷ್ಟಿದೆ ಎಂದು ವಿಚಾರಿಸುವ ಮೊದಲು ಆ ನೀರು ಯಾರ ಸುಪರ್ದಿನಲ್ಲಿದೆ ಎಂದು ವಿಚಾರಿಸಬೇಕು. ಗಾಳ ಹಾಕಬಹುದೇ, ಹಿಡಿದ ಮೀನನ್ನು ಬುಟ್ಟಿಗೆ ಹಾಕಿಕೊಳ್ಳಬಹುದೇ, ರಾತ್ರಿ ಅಲ್ಲೇ ಉಳಿಯಬಹುದೇ ಎಂಬ ಉಳಿದ ಪ್ರಶ್ನೆಗಳಿಗೆಲ್ಲ ಉತ್ತರ ಅದರೊಳಗೇ ಇರುತ್ತದೆ. ನಾನು ಹೋಗಿ ಬಂದ ನಾಲ್ಕು ಬಗೆಯ ದಡಗಳನ್ನು ಈ ಕಣ್ಣಿನಿಂದಲೇ ಇಲ್ಲಿ ಹೋಲಿಸಿದ್ದೇನೆ.

ಬಯಲುಸೀಮೆಯ ಕೆರೆ

ಮೊದಲ ಬಾರಿ ಹೊರಡುವವರಿಗೆ ನನ್ನ ಸಲಹೆ ಯಾವಾಗಲೂ ಕೆರೆಯೇ. ತುಮಕೂರು, ಮಂಡ್ಯ, ರಾಮನಗರ, ಹಾಸನ ಜಿಲ್ಲೆಗಳಲ್ಲಿ ಗೆಳೆಯರಲ್ಲಿ ಒಬ್ಬನ ಊರಾದರೂ ಕೆರೆಯ ಪಕ್ಕದಲ್ಲಿರುತ್ತದೆ. ದಾರಿ ಹತ್ತಿರ, ಖರ್ಚು ಕಡಿಮೆ, ಮಳೆ ಬಂದರೆ ಓಡಿಹೋಗಲು ಒಂದು ಜಗಲಿಯಾದರೂ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇಲ್ಲಿ ಹಿಡಿದ ಮೀನನ್ನು ತಿನ್ನಬಹುದು.

ಆದರೆ ಕೆರೆ ಊರಿನದು ಎಂದ ಮಾತ್ರಕ್ಕೆ ಮೀನೂ ಊರಿನದು ಎಂದು ತಿಳಿಯಬಾರದು. ದೊಡ್ಡ ಕೆರೆಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆಯೂ ಚಿಕ್ಕ ಕೆರೆಗಳದ್ದನ್ನು ಗ್ರಾಮ ಪಂಚಾಯಿತಿಯೂ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆ ಹಿಡಿದ ಸಹಕಾರ ಸಂಘ ಅಥವಾ ವ್ಯಕ್ತಿ ಕೈಯಿಂದ ಹಣ ಹಾಕಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟಿರುತ್ತಾರೆ. ಇದು ತಿಳಿಯದೆ ಒಮ್ಮೆ ತುಮಕೂರು ಜಿಲ್ಲೆಯ ಒಂದು ಕೆರೆಯಲ್ಲಿ ನಾವು ಬೆಳಗಿನ ಜಾವವೇ ಐದು ಗಾಳ ಹಾಕಿ ಕುಳಿತಿದ್ದೆವು. ಏರಿಯ ಮೇಲೆ ಸೈಕಲ್ ನಿಲ್ಲಿಸಿ ಕೆಳಗಿಳಿದು ಬಂದ ಕಾವಲಿನ ಹಿರಿಯರು ಕೂಗಾಡಲಿಲ್ಲ. ಬಕೆಟ್ಟಿನೊಳಗೆ ಇಣುಕಿ, "ಯಾರನ್ನ ಕೇಳಿ ಗಾಳ ಹಾಕಿದ್ರಪ್ಪಾ? ಇದು ನಾವು ಸಾಲ ಮಾಡಿ ಬಿಟ್ಟಿರೋ ಮೀನು" ಎಂದರು. "ತಪ್ಪಾಯ್ತು ಯಜಮಾನ್ರೇ, ಗೊತ್ತಿರಲಿಲ್ಲ" ಎನ್ನುವುದರ ಹೊರತು ನಮ್ಮ ಬಳಿ ಮಾತಿರಲಿಲ್ಲ. ಅಂದಿನ ಮೀನಿಗೆ ಪೇಟೆಯ ದರದಲ್ಲೇ ಹಣ ಕೊಟ್ಟೆವು. ಮರುವರ್ಷ ಮೊದಲೇ ಫೋನ್ ಮಾಡಿ ಹೋದಾಗ, ತೂಬಿನ ಬಲಗಡೆ ಯಾವ ಜಾಗದಲ್ಲಿ ಕಾಟ್ಲಾ ಆಡುತ್ತದೆ ಎಂದು ತೋರಿಸಿಕೊಟ್ಟವರೂ ಅವರೇ.

ಕೆರೆಯಲ್ಲಿ ಗಾಳ ಹಾಕಲು ದುಬಾರಿ ಸಲಕರಣೆ ಬೇಕಾಗಿಲ್ಲ. ಬಿದಿರಿನ ಕೋಲು, ತಂಗೂಸಿ ದಾರ, ಸೀಸದ ಗುಂಡು, ಜೋಳದ ದಂಟಿನ ಒಂದು ತುಂಡು ಬೆಂಡು, ಸಣ್ಣ ಗಾಳ ಇಷ್ಟಿದ್ದರೆ ಸಾಕು. ಯಾವ ಮೀನು ಯಾವ ಆಳದಲ್ಲಿ ಮೇಯುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಕೆಲಸ ಮುಗಿಯಿತು. ಕಾಟ್ಲಾದ ಬಾಯಿ ಮೇಲ್ಮುಖವಾಗಿದ್ದು ಅದು ನೀರಿನ ಮೇಲುಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿರುತ್ತದೆ, ಮೃಗಾಲ್ ತಳದ ಕೆಸರನ್ನು ಕೆದಕುತ್ತದೆ. ಆದ್ದರಿಂದ ಬೆಂಡಿಗೂ ಗಾಳಕ್ಕೂ ನಡುವೆ ಎಷ್ಟು ದಾರ ಬಿಡುತ್ತೀರಿ ಎಂಬುದರ ಮೇಲೆ ಯಾವ ಮೀನು ಬರುತ್ತದೆ ಎಂಬುದು ನಿಂತಿದೆ. ಕಡಲೆಕಾಯಿ ಹಿಂಡಿಯನ್ನು ಗೋಧಿ ಹಿಟ್ಟಿನೊಡನೆ ನಾದಿ ಮಾಡಿದ ಉಂಡೆ ಈ ಮೂರಕ್ಕೂ ಆಗುತ್ತದೆ. ಜಿಲೇಬಿ ಮೀನಿಗೆ ಎರೆಹುಳುವೇ ಸಾಕು. ಅದು ಕಚ್ಚುವ ರೀತಿಯಲ್ಲೇ ಗೊತ್ತಾಗುತ್ತದೆ: ಬೆಂಡು ಮೊದಲು ನಡುಗುತ್ತದೆ, ಎರಡು ಸಲ ಮುಳುಗಿದಂತೆ ಮಾಡಿ ಮೇಲೇಳುತ್ತದೆ, ಆಮೇಲೆ ಓರೆಯಾಗಿ ಪಕ್ಕಕ್ಕೆ ಓಡುತ್ತದೆ. ಎಳೆಯಬೇಕಾದದ್ದು ಆ ಓಟಕ್ಕೆ. ತಳದ ಮೀನು ಉಂಡೆಯನ್ನು ಎತ್ತಿದಾಗ ಮಾತ್ರ ಬೆಂಡು ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ನಮ್ಮ ಗುಂಪಿನ ಹೊಸಬನೊಬ್ಬ ಇದನ್ನು ನೋಡಿ ಗಾಳ ಕಳಚಿಹೋಯಿತೆಂದು ಕೋಲು ಕೆಳಗಿಟ್ಟು ಬೀಡಿ ಹಚ್ಚಿದ್ದ. ಕೋಲು ಅವನ ಕಣ್ಣೆದುರೇ ಕೆರೆಗೆ ಇಳಿಯಿತು.

ಗುಡಾರವನ್ನು ಏರಿಯ ಮೇಲಾಗಲಿ ಕೆರೆಯ ಅಂಗಳದಲ್ಲಾಗಲಿ ಹಾಕಬೇಡಿ. ಪಕ್ಕದ ತೋಟದವರನ್ನು ಕೇಳಿ, ಪಂಪ್‌ಸೆಟ್ ಮನೆಯ ಹತ್ತಿರದ ಗಟ್ಟಿ ನೆಲ ಆರಿಸಿಕೊಳ್ಳಿ. ಕೊಳಕುಮಂಡಲ ಮತ್ತು ಕಟ್ಟುಹಾವು ಎರಡೂ ರಾತ್ರಿ ಸಂಚರಿಸುವ ಹಾವುಗಳು, ಇಲಿ ಕಪ್ಪೆಗಳ ಹಿಂದೆ ಕೆರೆಬಯಲಿಗೆ ಬರುತ್ತವೆ. ಗುಡಾರದ ಜಿಪ್ಪನ್ನು ಸಂಜೆಯಿಂದಲೇ ಮುಚ್ಚಿಟ್ಟಿರುವುದು, ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳುವುದು ರೂಢಿಯಾಗಬೇಕು. ಸೊಳ್ಳೆಯ ವಿಷಯ ಹೇಳುವುದೇ ಬೇಡ.

ಕೆರೆಯ ಕೊರತೆ ಎಂದರೆ ಅದರ ನೋಟ. ಕಾಡಿನ ಮೌನ ಬಯಸಿ ಬಂದವರಿಗೆ ಮೈಕಿನಲ್ಲಿ ಬರುವ ದೇವರನಾಮವೂ ಕೊಳವೆಬಾವಿಯ ಮೋಟಾರಿನ ಸದ್ದೂ ಸಮಾಧಾನ ಕೊಡಲಾರವು. ಅಂಥವರಿಗಾಗಿಯೇ ಮುಂದಿನದು.

ಕಾವೇರಿಯ ದಡ

ಗಾಳದ ಮಾತು ಬಂದಾಗ ಹಳಬರು ಮೊದಲು ತೆಗೆಯುವ ಹೆಸರು ಕಾವೇರಿಯದು. ಅದಕ್ಕೆ ಕಾರಣ ಡುಬ್ಬದ ಮಶೀರ್ ಎಂಬ ದೈತ್ಯ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಾವೇರಿಯ ಉಪನದಿ ಕಪಿಲೆಯಲ್ಲಿ 120 ಪೌಂಡಿನ, ಎಂದರೆ ಸುಮಾರು 54 ಕಿಲೋ ತೂಕದ ಮಶೀರ್ ಹಿಡಿದದ್ದು ಇಂದಿಗೂ ಗಾಳದವರ ಬಾಯಲ್ಲಿದೆ. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳ ಶಿಬಿರಗಳಿಗೆ ಹೊರದೇಶಗಳಿಂದ ಜನ ಬರುತ್ತಿದ್ದರು. ಅವರ ಗಾಳದ ತುದಿಯಲ್ಲಿ ಇರುತ್ತಿದ್ದದ್ದು ನಮ್ಮ ರಾಗಿ! ಬೇಯಿಸಿ ನಾದಿ ಗಟ್ಟಿಯಾಗಿ ಉಂಡೆ ಕಟ್ಟಿದ ರಾಗಿಹಿಟ್ಟಿಗೆ ಮಶೀರ್ ಬೀಳುತ್ತದೆ ಎಂಬುದು ಈ ನದಿಯ ಪ್ರಸಿದ್ಧ ಸಂಗತಿ. ಮುದ್ದೆ ಒಲ್ಲೆ ಎನ್ನುವ ನಗರದ ಮಕ್ಕಳಿಗೆ ಇದನ್ನು ಹೇಳಬಹುದು.

ಆ ಕಾಲ ಮುಗಿದಿದೆ. ಈ ಭಾಗ 1987ರಲ್ಲೇ ಕಾವೇರಿ ವನ್ಯಜೀವಿ ಧಾಮವೆಂದು ಘೋಷಿತವಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಪ್ರಾಣಿ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದೊಳಗೆ ಮೀನೂ ಸೇರಿರುವುದರಿಂದ, ಧಾಮದೊಳಗೆ ಹವ್ಯಾಸಕ್ಕಾಗಿ ಗಾಳ ಹಾಕುವುದು, ಹಿಡಿದು ಮರಳಿ ಬಿಟ್ಟರೂ ಸರಿ, ನಿಂತುಹೋಯಿತು. ನದಿಯ ಇನ್ನೊಂದು ಕಥೆಯೂ ಇದರ ಹಿಂದಿದೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಈ ಮೀನಿಗೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೂ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಶೀರ್ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿದೆ. ಇಂಥ ಮೀನನ್ನು ಮೋಜಿಗಾಗಿ ಎಳೆದಾಡುವುದು ಸರಿಯೇ ಎಂಬುದರಲ್ಲಿ ಗಾಳದವರಲ್ಲೇ ಎರಡು ಪಕ್ಷಗಳಿವೆ. ಶಿಬಿರಗಳಿದ್ದಾಗ ಕಳ್ಳಬೇಟೆಗಾರರ ಮೇಲೆ, ಅದರಲ್ಲೂ ಸಿಡಿಮದ್ದು ಎಸೆದು ಮೀನು ಕೊಲ್ಲುವವರ ಮೇಲೆ ಕಣ್ಣಿತ್ತು ಎಂದು ಒಂದು ಪಕ್ಷ ವಾದಿಸುತ್ತದೆ. ಆ ವಾದದಲ್ಲಿ ಹುರುಳಿದೆ ಎಂದು ನನಗೂ ಅನಿಸುತ್ತದೆ. ಆದರೂ ಕಾನೂನು ಇರುವವರೆಗೆ ಗಾಳದ ಕೋಲನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಹಾಗಿದ್ದರೆ ಕಾವೇರಿಯನ್ನು ಆರಿಸಿಕೊಳ್ಳುವುದು ಯಾರು? ನೀರಿನ ಸದ್ದು ಬೇಕೆಂದ ಆ ಗೆಳೆಯ. ಬೆಂಗಳೂರಿನಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಸರ್ಕಾರಿ ಸ್ವಾಮ್ಯದ ಜಂಗಲ್ ಲಾಡ್ಜಸ್‌ನ ಶಿಬಿರದಲ್ಲಿ ಗುಡಾರ, ಊಟ, ತೆಪ್ಪದ ಸವಾರಿ ಎಲ್ಲವೂ ಸಿಗುತ್ತವೆ. ನೀರುನಾಯಿ, ಮೊಸಳೆ ಕಾಣಬಹುದು. ಎದುರು ದಡಕ್ಕೆ ಆನೆ ನೀರು ಕುಡಿಯಲು ಬರುತ್ತದೆ. ಖರ್ಚು ಮಾತ್ರ ಕೆರೆಯ ಪ್ರವಾಸಕ್ಕಿಂತ ಹಲವು ಪಟ್ಟು. ಶಿಬಿರದ ಹೊರಗೆ, ಸಂಗಮ ಮೇಕೆದಾಟುಗಳ ಬಂಡೆಗಳ ನಡುವೆ, ತಾವೇ ಗುಡಾರ ಹಾಕುವ ಯೋಚನೆಯನ್ನು ಪೂರ್ತಿ ಬಿಟ್ಟುಬಿಡಿ. ಅದು ಕಾನೂನಿಗೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಅಲ್ಲಿಯ ಮಡುಗಳಲ್ಲಿ ಸುಳಿಯಿದೆ, ಮೊಣಕಾಲುದ್ದ ಕಾಣುವ ನೀರಿನ ಮುಂದಿನ ಹೆಜ್ಜೆಯಲ್ಲೇ ಆಳವಿರುತ್ತದೆ. ಈಜು ಬಲ್ಲವರೇ ಅಲ್ಲಿ ಹೆಚ್ಚಾಗಿ ಜೀವ ಕಳೆದುಕೊಂಡಿರುವುದನ್ನು ಸ್ಥಳೀಯರು ಹೇಳುತ್ತಾರೆ.

ಧಾಮದ ಹೊರಗಿನ ಕಾವೇರಿಯಲ್ಲಿ, ಮುಖ್ಯವಾಗಿ ಕೊಡಗಿನ ವಾಲ್ನೂರಿನ ಸುತ್ತ, ಪರವಾನಗಿ ಪಡೆದು ಹಿಡಿದು ಬಿಡುವ ಗಾಳದ ಪದ್ಧತಿಯನ್ನು ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಬಹುಕಾಲ ನಡೆಸಿಕೊಂಡು ಬಂದಿದೆ. ಹೊರಡುವ ಮುಂಚೆ ಈ ವರ್ಷದ ಪರವಾನಗಿಯ ಬಗ್ಗೆ ಅವರನ್ನೇ ಕೇಳಿಕೊಳ್ಳಿ. ಇಲ್ಲಿ ಹಿಮ್ಮುಳ್ಳಿಲ್ಲದ ಗಾಳವೇ ಬೇಕು. ಕೈ ಒದ್ದೆ ಮಾಡಿಕೊಳ್ಳದೆ ಮೀನನ್ನು ಮುಟ್ಟಬಾರದು, ಏಕೆಂದರೆ ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬಂದು ಮೀನಿಗೆ ರೋಗ ತಗಲುತ್ತದೆ. ಫೋಟೋ ತೆಗೆಯುವುದಿದ್ದರೂ ಮೀನು ನೀರಿನಲ್ಲೇ ಇರಲಿ. ಇದು ಗಾಳದ ಕಲೆಯನ್ನೇ ಪ್ರೀತಿಸುವ, ಬುಟ್ಟಿ ಖಾಲಿಯಾದರೆ ಬೇಸರಿಸದ ಇಬ್ಬರು ಮೂವರಿಗೆ ತಕ್ಕದ್ದು. ಐದಾರು ಮಂದಿಯ ಗದ್ದಲದ ಗುಂಪಿಗೆ ಅಲ್ಲ.

ಶರಾವತಿಯ ಹಿನ್ನೀರು

ನೋಟವನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ ಈ ನಾಲ್ಕರಲ್ಲಿ ಗೆಲ್ಲುವುದು ಸಾಗರ ತಾಲ್ಲೂಕಿನ ಲಿಂಗನಮಕ್ಕಿ ಹಿನ್ನೀರು. ಮೈಸೂರಿನಿಂದ ಬೆಂಗಳೂರಿನ ಮೂಲಕ ಹೋಗುವ ರಾತ್ರಿ ರೈಲು ಬೆಳಿಗ್ಗೆ ತಾಳಗುಪ್ಪಕ್ಕೆ ತಲುಪಿಸುತ್ತದೆ. ಹೊನ್ನೆಮರಡು ಅಲ್ಲಿಂದ ಹತ್ತಿರ. ಶುಕ್ರವಾರ ರಾತ್ರಿ ರೈಲು ಹತ್ತಿದರೆ ಎರಡು ಪೂರ್ಣ ಹಗಲು ಕೈಗೆ ಸಿಗುತ್ತವೆ. ಹೊನ್ನೆಮರಡಿನಲ್ಲಿ ಜಲಸಾಹಸದ ತರಬೇತಿ ನೀಡುವವರ ಆಶ್ರಯದಲ್ಲಿ, ಲೈಫ್ ಜಾಕೆಟ್ ತೊಟ್ಟು, ಹರಿಗೋಲಿನಲ್ಲಿ ನಡುಗಡ್ಡೆಗೆ ಹೋಗಿ ರಾತ್ರಿ ಕಳೆಯುವ ಏರ್ಪಾಡು ಇದೆ. ದೀಪವೊಂದೂ ಕಾಣದ ಆ ಕತ್ತಲಿನಲ್ಲಿ ನೀರಿನ ಮೇಲೆ ಆಕಾಶ ಇಳಿದಂತಿರುತ್ತದೆ.

1964ರಲ್ಲಿ ಕಟ್ಟಿದ ಅಣೆಕಟ್ಟೆಯ ನೀರಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1,819 ಅಡಿ. ಈ ಅಂಕಿ ಶಿಬಿರ ಹಾಕುವವರಿಗೆ ಬರಿಯ ವಿವರವಲ್ಲ. ಮಳೆಗಾಲದ ಕೊನೆಯಲ್ಲಿ ನೀರು ಕಾಡಿನ ಅಂಚಿಗೆ ಬಂದು ನಿಲ್ಲುತ್ತದೆ. ವಿದ್ಯುತ್ತಿಗಾಗಿ ನೀರು ಬಿಡುತ್ತ ಹೋದಂತೆ ಏಪ್ರಿಲ್ ಹೊತ್ತಿಗೆ ದಡದಿಂದ ನೀರಿಗೆ ಇಳಿಜಾರಿನ ಕೆಮ್ಮಣ್ಣಿನ ಮೇಲೆ ಬಹುದೂರ ನಡೆಯಬೇಕಾಗುತ್ತದೆ. ಮುಳುಗಿದ ಕಾಡಿನ ಮೋಟುಮರಗಳು ಆಗ ಒಂದೊಂದಾಗಿ ತಲೆಯೆತ್ತುತ್ತವೆ. ತುಂಬಿದ ನೀರಿನಲ್ಲಿ ಅವೇ ಮೋಟುಗಳು ಕಾಣದೆ ನಿಮ್ಮ ಗಾಳಗಳನ್ನು ನುಂಗುತ್ತವೆ. ನಾನು ಒಂದೇ ಮಧ್ಯಾಹ್ನ ಏಳು ಗಾಳ ಕಳೆದುಕೊಂಡು, ಸಂಜೆ ಹಳ್ಳಿಯೊಂದರ ಮನೆಯಲ್ಲಿ ಮಾಡಿಕೊಟ್ಟ ಮೀನುಸಾರು ಉಂಡು ಮಲಗಿದ್ದೇನೆ. ಇಲ್ಲಿ ಮೀನು ಹಿಡಿಯಲು ಸ್ಥಳೀಯ ಮೀನುಗಾರರಿಗೆ ಪರವಾನಗಿ ಇರುತ್ತದೆ, ಹಿನ್ನೀರಿನ ಕೆಲವು ಅಂಚುಗಳು ಅಭಯಾರಣ್ಯಕ್ಕೆ ಸೇರಿವೆ. ಹಾಗಾಗಿ ಗಾಳವನ್ನು ಪ್ರವಾಸದ ಕೇಂದ್ರವಾಗಿಸದೆ, ಊರವರ ಜೊತೆಯಲ್ಲಿ ಹೋಗಿ ಅವರು ತೋರಿಸಿದ ಕಡೆ ಹಾಕುವುದೇ ಒಳ್ಳೆಯದು.

ಮಲೆನಾಡಿನ ಶಿಬಿರದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಜಿಗಣೆಯ ಬಗ್ಗೆ ಹೆದರಿಸುತ್ತಾರೆ. ಜಿಗಣೆ ರಕ್ತ ಕುಡಿದು ಬಿದ್ದುಹೋಗುತ್ತದೆ, ಅಷ್ಟೆ. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಮುಖ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಕಾಣಿಸಿಕೊಳ್ಳುತ್ತದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆದುಕೊಂಡಿತು. ಆದ್ದರಿಂದ ಹಿನ್ನೀರಿಗೆ ಅಕ್ಟೋಬರ್–ನವೆಂಬರ್ ಸೂಕ್ತ ಕಾಲ. ಅದರ ನಂತರ ಹೋಗುವುದಾದರೆ ಸುತ್ತಮುತ್ತ ಮಂಗ ಸತ್ತ ಸುದ್ದಿ ಇದೆಯೇ ಎಂದು ಊರಿನ ಆಶಾ ಕಾರ್ಯಕರ್ತೆಯರನ್ನು ಕೇಳಿ, ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು, ತರಗೆಲೆಯ ಮೇಲೆ ಕೂರದೆ ಮಲಗದೆ ಇರಬೇಕು. ಮರಳಿ ಬಂದ ಮೇಲೆ ಜ್ವರ ಬಂದರೆ ವೈದ್ಯರಿಗೆ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಮೊದಲು ಹೇಳಿ.

ಕರಾವಳಿಯ ಅಳಿವೆ

ಕುಂದಾಪುರದ ಪಂಚಗಂಗಾವಳಿ, ಸ್ವರ್ಣಾ ಮತ್ತು ಸೀತಾ ನದಿಗಳು ಕಡಲು ಸೇರುವ ಕೋಡಿ ಬೇಂಗ್ರೆ, ಅಣೆಕಟ್ಟೆಯೇ ಇಲ್ಲದೆ ಹರಿಯುವ ಅಘನಾಶಿನಿ, ಇವೆಲ್ಲ ಸಿಹಿನೀರೂ ಉಪ್ಪುನೀರೂ ಬೆರೆಯುವ ಜಾಗಗಳು. ಗಾಳ ಹಾಕುವವನಿಗೆ ನಾಲ್ಕರಲ್ಲಿ ಇದೇ ಸಮೃದ್ಧ ದಡ. ಕಾಣೆ, ಕೆಂಬೇರಿ, ಮುರು, ಅದೃಷ್ಟವಿದ್ದರೆ ದೊಡ್ಡ ಕುರುಡಿ. ಜೀವಂತ ಸಿಗಡಿಯನ್ನು ಗಾಳಕ್ಕೆ ಚುಚ್ಚಿದರೆ ಅದಕ್ಕಿಂತ ಉತ್ತಮ ಎರೆ ಬೇರೆಯಿಲ್ಲ. ದಡದಿಂದ ಕೈಗಾಳ ಹಾಕುವವರನ್ನು ಯಾರೂ ಸಾಮಾನ್ಯವಾಗಿ ತಡೆಯುವುದಿಲ್ಲ. ಬಲೆ ಕಟ್ಟಿದ ಜಾಗದಿಂದ, ದೋಣಿಯ ದಾರಿಯಿಂದ ದೂರವಿದ್ದರೆ ಸಾಕು. ಮೀನು ಸಿಗದಿದ್ದರೂ ಮಾನ ಹೋಗುವ ಭಯವಿಲ್ಲ, ಪೇಟೆಯಲ್ಲಿ ಮೀನು ಮಾರುವ ಹೆಂಗಸರಿದ್ದಾರೆ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಿಗ್ಗೆ ಕುಂದಾಪುರದಲ್ಲಿ ಇಳಿಸುತ್ತದೆ.

ಇಲ್ಲಿ ಎಲ್ಲವನ್ನೂ ನಿರ್ಧರಿಸುವುದು ಉಬ್ಬರ–ಇಳಿತ. ಉಬ್ಬರದಿಂದ ಇಳಿತಕ್ಕೆ ಸುಮಾರು ಆರು ಗಂಟೆ, ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರಿನ ಏರಿಳಿತವೂ ಸೆಳೆತವೂ ಹೆಚ್ಚು. ನೀರು ಏರತೊಡಗಿದ ಮೊದಲ ಎರಡು ಗಂಟೆಯಲ್ಲಿ ಮೀನು ಒಳಗೆ ಬರುತ್ತದೆ, ನಿಶ್ಚಲವಾದಾಗ ಕಚ್ಚುವುದು ನಿಲ್ಲುತ್ತದೆ. ಮೇಲುಸೀಮೆಯಿಂದ ಬಂದವರು ಬೆಳಿಗ್ಗೆ ಸಂಜೆ ಎಂದು ಲೆಕ್ಕ ಹಾಕಿ, ಇಳಿತದ ಹೊತ್ತಿನಲ್ಲಿ ಕೆಸರಿಗೆ ಗಾಳ ಹಾಕಿ ಕೂರುವುದನ್ನು ಅಲ್ಲಿಯ ಹುಡುಗರು ನಗುತ್ತ ನೋಡುತ್ತಾರೆ. ನಾವೂ ಹಾಗೆ ಕೂತವರೇ.

ಕೊರತೆ ಇರುವುದು ರಾತ್ರಿಯ ವಾಸದಲ್ಲಿ. ಇಳಿತದ ಹೊತ್ತಿನಲ್ಲಿ ಒಣಗಿ ಕಾಣುವ ಮರಳುದಿಣ್ಣೆಯ ಮೇಲೆ ಗುಡಾರ ಹಾಕಿದರೆ ನಡುರಾತ್ರಿ ನೀರು ಒಳಗೆ ಬರುತ್ತದೆ. ಮೇಲಿನ ನೆಲವೆಲ್ಲ ಯಾರದಾದರೂ ತೋಟವೋ ಮನೆಯ ಹಿತ್ತಲೋ ಆಗಿರುತ್ತದೆ. ನದಿಯ ನಡುವಿನ ಕುದ್ರುಗಳಲ್ಲಿ, ದಡದಲ್ಲಿ ಇರುವ ಹೋಂಸ್ಟೇಗಳ ಅಂಗಳದಲ್ಲಿ ಗುಡಾರ ಹಾಕಲು ಕೇಳಿ ಒಪ್ಪಿಗೆ ಪಡೆಯುವುದು ಸುಲಭದ ದಾರಿ. ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವ ಜೂನ್ 1ರಿಂದ ಜುಲೈ 31ರವರೆಗೆ ನೀವೂ ಅತ್ತ ಸುಳಿಯಬೇಡಿ. ಆಗ ಕಡಲೂ ನದಿಯೂ ಒಂದೇ ಸಮನೆ ಮುನಿದಿರುತ್ತವೆ.

ಆರಿಸುವಾಗ

ಒಟ್ಟಿಗೆ ಇಟ್ಟು ನೋಡಿದರೆ ನನ್ನ ಒಲವು ಹೀಗಿದೆ. ಗುಂಪಿನಲ್ಲಿ ಮೊದಲ ಬಾರಿ ಬರುವವರು, ಮಕ್ಕಳು ಇದ್ದರೆ ಕೆರೆ. ಹಿಡಿದು ತಿನ್ನಲೇಬೇಕೆಂದರೆ ಕೆರೆ ಅಥವಾ ಅಳಿವೆ. ರಾತ್ರಿಯ ಮೌನಕ್ಕಾಗಿ ಹಿನ್ನೀರು, ಕೈಯಲ್ಲಿ ಹಣವಿದ್ದು ಪ್ರಾಣಿಗಳನ್ನು ನೋಡುವ ಆಸೆಯಿದ್ದರೆ ಗಾಳವಿಲ್ಲದ ಕಾವೇರಿ. ಬೆಂಗಳೂರಿನ ಸುತ್ತ ತೂಕಕ್ಕೆ ಹಣ ತೆಗೆದುಕೊಂಡು ಗಾಳ ಹಾಕಲು ಬಿಡುವ ಖಾಸಗಿ ಕೊಳಗಳೂ ಇವೆ. ಅರ್ಧ ದಿನದ ಮೋಜಿಗೆ ಸಾಕು, ಅದನ್ನು ಶಿಬಿರವೆಂದು ನಾನು ಕರೆಯಲಾರೆ. ಮುಂಗಾರಿನ ಮೊದಲ ವಾರಗಳಲ್ಲಿ ಮಾತ್ರ ಎಲ್ಲಿಯೂ ಬೇಡ. ಹತ್ತುಮೀನು, ಎಂದರೆ ಹೊಸ ನೀರಿಗೆ ಎದುರಾಗಿ ಹತ್ತುವ ಮೀನು, ಹೊಳೆಯಿಂದ ಗದ್ದೆಗೆ ಏರುವುದು ಮೊಟ್ಟೆಯಿಡುವುದಕ್ಕೆ. ಆ ಹೊತ್ತಿನಲ್ಲಿ ಹಿಡಿದ ಒಂದು ಮೀನಿನ ಹೊಟ್ಟೆಯಲ್ಲಿ ಮುಂದಿನ ವರ್ಷದ ಹೊಳೆಯೇ ಇರುತ್ತದೆ.

ನೀರು ಯಾವುದಾದರೂ ಸರಿ, ಅಣೆಕಟ್ಟೆಯ ಕೆಳಗಿನ ನದಿಯ ಮರಳಿನಲ್ಲಿ ಮಲಗಬೇಡಿ, ಮೇಲೆ ಮೋಡವಿಲ್ಲದಿದ್ದರೂ ಗೇಟು ತೆರೆದರೆ ನೀರು ಬರುತ್ತದೆ. ಫೆಬ್ರವರಿಯ ನಂತರ ಕಾಡಂಚಿನಲ್ಲಿ ಸೌದೆಯ ಒಲೆ ಬೇಡ, ಚಿಕ್ಕ ಗ್ಯಾಸ್ ಸ್ಟವ್ ಒಯ್ಯಿರಿ. ತುಂಡಾದ ತಂಗೂಸಿ ದಾರವನ್ನು ದಡದಲ್ಲಿ ಬಿಟ್ಟರೆ ಅದು ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತದೆ. ನಾವು ಅದನ್ನು ಹಳೆಯ ಬೆಂಕಿಪೊಟ್ಟಣಕ್ಕೆ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತೇವೆ.

ಈ ನವೆಂಬರಿಗೆ ನಮ್ಮ ಗುಂಪು ಮತ್ತೆ ಅದೇ ತುಮಕೂರು ಜಿಲ್ಲೆಯ ಕೆರೆಗೆ ಹೊರಟಿದೆ. ಕಾವಲಿನ ಯಜಮಾನರಿಗೆ ಕಳೆದ ವಾರ ಫೋನ್ ಮಾಡಿದ್ದೆ. ಕೋಡಿ ಬಿದ್ದಿದೆಯಂತೆ, ನೀರು ಇನ್ನೂ ಕದಡಿದೆಯಂತೆ, ಹತ್ತು ದಿನ ತಡೆದು ಬನ್ನಿ ಎಂದಿದ್ದಾರೆ.